ಬೀರುವಿನ ಲೆನ್ಸ್ ಮಾರುವ ಮುನ್ನ

ಕೆಲಸಕ್ಕೆಂದು ಕರ್ನಾಟಕದಿಂದ ಹೊರಗೆ ಬಂದ ನಮ್ಮಂಥವರು ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿದ ಮೇಲೆ ಕ್ಯಾಮೆರಾ ಕೊಳ್ಳುವ ಯೋಚನೆ ಮಾಡುತ್ತೇವೆ. ವಿಶಾಖಪಟ್ಟಣದಲ್ಲಿದ್ದರಂತೂ ಕಾರಣವೇ ಬೇಕಿಲ್ಲ. ಆರ್.ಕೆ. ಬೀಚ್, ಕೈಲಾಸಗಿರಿ, ಎರಡು ದಿನ ರಜೆ ಸಿಕ್ಕರೆ ಅರಕು ಕಣಿವೆ. ಅದೇ ಹೊತ್ತಿಗೆ ಊರಿನ ಬೀರುವಿನಲ್ಲಿ ಅಪ್ಪನದೋ ಸೋದರಮಾವನದೋ ಫಿಲ್ಮ್ ಕಾಲದ ಆಟೋಫೋಕಸ್ ಲೆನ್ಸ್ ಬಟ್ಟೆ ಸುತ್ತಿಕೊಂಡು ಕೂತಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಅದು ಹೊಸ ಬಾಡಿಗೆ ಆಗಲ್ಲ ಸರ್, ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ.’ ಈ ಮಾತು ಅರ್ಧ ಮಾತ್ರ ನಿಜ. ಯಾವ ಅರ್ಧ ಎಂದು ತಿಳಿಯದೆ ಲೆನ್ಸ್ ಕೊಡಬೇಡಿ ಎಂಬುದು ನನ್ನ ವಾದ.

ಎಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಗಾಜನ್ನು ಹಿಂದೆ ಮುಂದೆ ಸರಿಸಿ ಫೋಕಸ್ ಮಾಡುವ ಮೋಟಾರ್ ಎಲ್ಲಿದೆ? ಕ್ಯಾನನ್ 1987ರಲ್ಲಿ ತನ್ನ ಹಳೆಯ ಮೌಂಟ್ ಕೈಬಿಟ್ಟು ಇಎಫ್ ಮೌಂಟ್ ತಂದಿತು. ಮೋಟಾರನ್ನು ಲೆನ್ಸ್ ಒಳಗೇ ಇಟ್ಟಿತು. ಹಳೆಯ ಲೆನ್ಸ್ ಇದ್ದವರಿಗೆ ಆಗ ನಷ್ಟವಾಯಿತು. ಆದರೆ ಅಂದಿನ ಕ್ಯಾನನ್ ಇಎಫ್ ಲೆನ್ಸ್ ಇಂದಿನ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ.

ನಿಕಾನ್ ಹಿಡಿದದ್ದು ಬೇರೆ ದಾರಿ. 1959ರ ಎಫ್ ಮೌಂಟನ್ನು ಬಿಡದೆ, 1986ರ ಎಫ್-501 ಕ್ಯಾಮೆರಾದಲ್ಲಿ ಮೋಟಾರನ್ನು ಬಾಡಿಯೊಳಗೆ ಇಟ್ಟಿತು. ಬಾಡಿಯಿಂದ ಹೊರಬರುವ ಸ್ಕ್ರೂಡ್ರೈವರ್ ತುದಿಯಂಥ ಸಣ್ಣ ಕಡ್ಡಿ ಲೆನ್ಸಿನ ಗೇರನ್ನು ತಿರುಗಿಸುತ್ತದೆ. ಮುಂದೆ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳು ಬಂದವು. 2006ರ ಡಿ40ರಿಂದ ಕಡಿಮೆ ಬೆಲೆಯ ಬಾಡಿಗಳಲ್ಲಿ ಮೋಟಾರ್ ಮಾಯವಾಯಿತು. ಡಿ3000, ಡಿ5000 ಸರಣಿ, ಕೊನೆಯ ಡಿ3500 ಕೂಡ ಹಾಗೆಯೇ. ಡಿ7000 ಸರಣಿ, ಡಿ500, ಡಿ850ಗಳಲ್ಲಿ ಮೋಟಾರ್ ಉಳಿಯಿತು. 2018ರಲ್ಲಿ ಜೆಡ್ ಮೌಂಟಿನ ಮಿರರ್‌ಲೆಸ್ ಬಂದಾಗ ಜೊತೆಗೆ ಬಂದ ಎಫ್‌ಟಿಜೆಡ್ ಅಡಾಪ್ಟರಿನಲ್ಲೂ ಮೋಟಾರ್ ಇಲ್ಲ. ಹಾಗಾಗಿ ಹೆಸರಿನಲ್ಲಿ ‘ಎಎಫ್-ಡಿ’ ಎಂದಿರುವ ಲೆನ್ಸ್ ಅಲ್ಲಿ ಕೈಯಿಂದ ಫೋಕಸ್ ಮಾಡುವ ಲೆನ್ಸ್ ಆಗಿಬಿಡುತ್ತದೆ.

ನನ್ನ ಬಳಿ ಇರುವುದು ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದ ಸೋದರಮಾವನ 50 ಮಿ.ಮೀ. ಎಫ್/1.8ಡಿ ಲೆನ್ಸ್. ಇದನ್ನು ವಿಶಾಖಪಟ್ಟಣದಲ್ಲಿ ನನ್ನ ಡಿ7200ಕ್ಕೂ, ವಿಜಯವಾಡದಲ್ಲಿರುವ ಸಹೋದ್ಯೋಗಿಯ ಜೆಡ್5ಕ್ಕೂ ಹಾಕಿ ನೋಡಿದ್ದೇನೆ. ಡಿ7200ರಲ್ಲಿ ಗೇರಿನ ಕಿರ್ ಸದ್ದಿನೊಂದಿಗೆ ಆಟೋಫೋಕಸ್ ಆಗುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ನೋಟ 75 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ. ಬೀಚಿನ ಸಂಜೆಯಲ್ಲಿ ಮುರಿ ಮಿಕ್ಸ್ಚರ್ ಕಲಸುವವರ ಮುಖ ತೆಗೆಯಲು ಇದಕ್ಕಿಂತ ಒಳ್ಳೆಯದು ಬೇಡ. ದಡದ ಮೇಲಿರುವ ಕುರ್ಸುರ ಜಲಾಂತರ್ಗಾಮಿಯನ್ನು ಒಂದೇ ಚೌಕಟ್ಟಿಗೆ ತರಬೇಕೆಂದರೆ ಮಾತ್ರ ಹಿಂದೆ ಹಿಂದೆ ನಡೆಯಬೇಕು. ಜೆಡ್5ರಲ್ಲಿ ಆಟೋಫೋಕಸ್ ಇಲ್ಲ, ಆದರೆ ಬೆಳಕಿನ ಅಳತೆ, ಅಪರ್ಚರ್ ಎಲ್ಲ ಸರಿಯಾಗಿ ನಡೆಯುತ್ತದೆ. ಫೋಕಸ್ ಆದ ಅಂಚುಗಳನ್ನು ಪರದೆ ಬಣ್ಣದಲ್ಲಿ ತೋರಿಸುತ್ತದೆ. ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಇರುವುದರಿಂದ ಮಾವ ಎಂದೂ ಕಾಣದ ಸೌಲಭ್ಯ ಅವರ ಲೆನ್ಸಿಗೆ ಸಿಕ್ಕಿದೆ. ಕತ್ತಲಾಗುವಾಗ ಪ್ರಕಾಶಂ ಬ್ಯಾರೇಜಿನ ದೀಪಗಳನ್ನು ಟ್ರೈಪಾಡ್ ಇಲ್ಲದೆ ತೆಗೆದೆವು. ಆಲಮಟ್ಟಿ ದಾಟಿ ಬಂದ ಕೃಷ್ಣೆಯ ಮೇಲೆ ದೀಪ ತೂಗುವುದನ್ನು ತೆಗೆಯಲು ಮೋಟಾರ್ ಬೇಕಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಫಿಲ್ಮಿಗಿಂತ ಸೆನ್ಸರ್ ಹೆಚ್ಚು ಹೊಳಪಿನದು. ಅದರ ಮೇಲೆ ಬಿದ್ದ ಬೆಳಕು ಲೆನ್ಸಿನ ಹಿಂಬದಿಯ ಗಾಜಿಗೆ ಬಡಿದು ಮರಳುತ್ತದೆ. ಹಳೆಯ ಲೆನ್ಸಿನಲ್ಲಿ ಎದುರು ಬೆಳಕಿಗೆ ಚಿತ್ರ ಮಂಕಾಗುವುದು, ಎಫ್/1.8ರಲ್ಲಿ ಅಂಚುಗಳಲ್ಲಿ ನೇರಳೆ ಬಣ್ಣ ಕಾಣುವುದು ಸಾಮಾನ್ಯ. 2.8ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ವಿಡಿಯೊ ತೆಗೆದರೆ ಗೇರಿನ ಸದ್ದೂ ದಾಖಲಾಗುತ್ತದೆ. ಓಡುವ ಮಗುವಿನ ಹಿಂದೆ, ಹಾರುವ ಹಕ್ಕಿಯ ಹಿಂದೆ ಕೈಯಿಂದ ಫೋಕಸ್ ಮಾಡುತ್ತ ಹೋಗುವುದು ಬಹಳ ಕಷ್ಟ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳನ್ನು ನೋಡಿ ಬೆಳೆದವರು ಕೊಲ್ಲೇರು ಸರೋವರದ ಅಟಪಾಕದಲ್ಲೂ ಅವನ್ನು ತೆಗೆಯಬೇಕೆಂದಿದ್ದರೆ ಮೋಟಾರಿರುವ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಬಾಡಿ ನೋಡುವುದು ಮೇಲು. ಇದ್ಯಾವುದಕ್ಕೂ ಪುರಸೊತ್ತಿಲ್ಲದವರು ಲೆನ್ಸ್ ಮಾರಲಿ, ಅದರಲ್ಲಿ ತಪ್ಪೇನಿಲ್ಲ. ತಿಳಿದು ಮಾರಲಿ ಎಂದಷ್ಟೇ ನನ್ನ ಮಾತು.

ಇಲ್ಲಿ ಕಂಪನಿಗಳ ಹೊಣೆಯೂ ಇದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲದ್ದರಿಂದ ಲೆನ್ಸ್ ಮೌಂಟಿನಿಂದ ಸೆನ್ಸರಿಗೆ ಇರುವ ದೂರ ತಗ್ಗಿದೆ. ನಿಕಾನಿನ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ಜೆಡ್‌ನಲ್ಲಿ 16 ಮಿ.ಮೀ. ಮಧ್ಯೆ ಉಳಿಯುವ 30.5 ಮಿ.ಮೀ. ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಆ ಜಾಗದಲ್ಲಿ ಮೋಟಾರ್ ಹಿಡಿಸುವುದಿಲ್ಲ ಎನ್ನುವಂತಿಲ್ಲ. 1985ರ ಮಿನೋಲ್ಟಾ ಆಟೋಫೋಕಸ್ ಲೆನ್ಸ್‌ಗಳೂ ಬಾಡಿಯ ಮೋಟಾರನ್ನೇ ನಂಬಿದ್ದವು. ಆ ಮೌಂಟನ್ನು 2006ರಲ್ಲಿ ವಹಿಸಿಕೊಂಡ ಸೋನಿ, 2020ರಲ್ಲಿ ಎಲ್‌ಎ-ಇಎ5 ಅಡಾಪ್ಟರಿನ ಒಳಗೆ ಮೋಟಾರ್ ಇಟ್ಟು ತೋರಿಸಿತು. ಅದು ಆಯ್ದ ಬಾಡಿಗಳಲ್ಲಿ ಮಾತ್ರ ಆ ಕೆಲಸ ಮಾಡುತ್ತದೆ, ನಿಜ. ಆದರೂ ಮನಸ್ಸಿದ್ದರೆ ಸಾಧ್ಯ ಎಂಬುದಕ್ಕೆ ಅಷ್ಟು ಸಾಕು. ಸಾಫ್ಟ್‌ವೇರ್ ಬರೆಯುವ ನಾವು ಹಳೆಯ ಗ್ರಾಹಕನ ಪ್ರೋಗ್ರಾಂ ಹೊಸ ಆವೃತ್ತಿಯಲ್ಲಿ ಮುರಿಯದಂತೆ ರಾತ್ರಿಯೆಲ್ಲ ಕೂತು ಪರೀಕ್ಷೆ ಮಾಡುತ್ತೇವೆ. ಲೆನ್ಸ್ ಕೊಂಡ ಗ್ರಾಹಕನಿಗೂ ಅದೇ ಮರ್ಯಾದೆ ಸಲ್ಲಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ನ ಕೆಲಸ ಶುರುಮಾಡಿದಾಗ ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ವಸ್ತು, ವಾಹನಗಳನ್ನು ಮೊದಲು ಆರಿಸಿತು. ಕ್ಯಾಮೆರಾ, ಲೆನ್ಸ್‌ಗಳನ್ನೂ ಅಷ್ಟೇ ಸ್ಪಷ್ಟವಾಗಿ ಸೇರಿಸಬೇಕು. ಬಿಡಿಭಾಗ ಸಿಗದಿದ್ದರೆ ಗೇರು ಬಿಚ್ಚಿ ಜೋಡಿಸಬಲ್ಲ ನಮ್ಮೂರಿನ ರಿಪೇರಿಯವರೂ ಅಂಗಡಿ ಮುಚ್ಚುತ್ತಾರೆ.

ಕರಾವಳಿಯಲ್ಲಿರುವವರಿಗೆ ಇನ್ನೊಂದು ಮಾತು. ವಿಶಾಖಪಟ್ಟಣದ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯಲು ಒಂದು ಮಳೆಗಾಲ ಸಾಕು. ಅದು ಗಾಜಿನ ಲೇಪ ತಿಂದರೆ ಯಾವ ರಿಪೇರಿಯೂ ನಡೆಯುವುದಿಲ್ಲ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್ ಇಟ್ಟು ಆರ್ದ್ರತೆಯನ್ನು ಶೇ 40ರಿಂದ 50ರೊಳಗೆ ಇಡಿ. ಎ.ಸಿ. ಕೋಣೆಯಿಂದ ಬೀಚಿಗೆ ಹೋದರೆ ಅರ್ಧ ಗಂಟೆ ಬ್ಯಾಗಿನಿಂದ ಹೊರತೆಗೆಯಬೇಡಿ.

ಮುಂದಿನ ಸಲ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ ಬೀರುವಿನ ಲೆನ್ಸ್ ತೆಗೆದು ಮೂರು ಕೆಲಸ ಮಾಡಿ. ಅದರ ಮೇಲೆ ಬರೆದಿರುವ ಅಕ್ಷರಗಳನ್ನು ಪೂರ್ತಿ ಓದಿ. ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಫಂಗಸ್ ಇದೆಯೇ ನೋಡಿ. ಕೊಳ್ಳಬೇಕೆಂದಿರುವ ಬಾಡಿಯಲ್ಲಿ ಅಥವಾ ಅದರ ಅಡಾಪ್ಟರಿನಲ್ಲಿ ಮೋಟಾರ್ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಗೊತ್ತಿಲ್ಲ ಎಂದರೆ ಲೆನ್ಸ್ ಹಾಕಿ ನೋಡದೆ ದುಡ್ಡು ಕೊಡಬೇಡಿ.