ಸಂಕ್ಷಿಪ್ತಾಕ್ಷರಗಳ ತೊಡಕು

ಪದಗಳ ಮೊದಲಕ್ಷರಗಳನ್ನು ಮಾತ್ರ ಬರೆದು ಮುಂದಕ್ಕೆ ಸಾಗುವ ರೂಢಿಯು ವಿಜ್ಞಾನದ ಪುಸ್ತಕಗಳಲ್ಲಿಯೂ ವರ್ತಮಾನಪತ್ರಿಕೆಗಳಲ್ಲಿಯೂ ಹೆಚ್ಚುತ್ತಿರುವದನ್ನು ಪೋಷಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಬಲ್ಲರು. ಬರೆಯುವವರಿಗೆ ಇದರಿಂದ ಕಾಲವು ಉಳಿಯುವದು ನಿಜ. ಓದುವವರ ಪಾಡನ್ನು ಯಾರೂ ವಿಚಾರಿಸರು.

ನಮ್ಮ ಎಂಟನೆಯ ತರಗತಿಯಲ್ಲಿ ಎ.ಐ. ಎಂದರೇನೆಂದು ಕೇಳಿದಾಗ, ಹಸು ಸಾಕುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ಪಶುವೈದ್ಯರು ಹಸುವಿಗೆ ಮಾಡುವ ಕೃತಕ ಗರ್ಭಧಾರಣೆ ಎಂದಳು. ತರಗತಿಯೆಲ್ಲಾ ನಕ್ಕಿತು. ಆಕೆಯದು ತಪ್ಪೇ? ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಆ ಕೆಲಸವು 1939ರಲ್ಲಿಯೇ ನಡೆಯಿತು. ಕೃತಕ ಬುದ್ಧಿಮತ್ತೆಯೆಂಬ ಹೆಸರನ್ನು ಅಮೆರಿಕದ ವಿದ್ವಾಂಸರು ಬರೆದದ್ದು 1955ರಲ್ಲಿ. ನಕ್ಕವರಿಗೆ ಇದನ್ನು ತಿಳಿಸಿದೆವು.

ಇಂಥ ಗೊಂದಲವು ತರಗತಿಯಲ್ಲಿ ನಗೆಯೊಡನೆ ಮುಗಿಯುವದು, ಆಸ್ಪತ್ರೆಯಲ್ಲಿ ಹಾಗಲ್ಲ. 2021ರಲ್ಲಿ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸುವ ಪಿ.ಎಸ್.ಎ. ಯಂತ್ರಗಳನ್ನು ನಿಲ್ಲಿಸಿದರು; ಅದೇ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಪಿ.ಎಸ್.ಎ. ಎಂದರೆ ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಪಟ್ಟ ಪರೀಕ್ಷೆ. ಇವೆರಡನ್ನು ಒಂದೆಂದು ತಿಳಿಯುವವರು ವಿರಳ. ಎಂ.ಎಸ್. ಎಂಬುದರ ಕಥೆ ಬೇರೆ. ಹೃದಯದ ವೈದ್ಯರಿಗೆ ಅದು ಮೈಟ್ರಲ್ ಕವಾಟದ ಸಂಕೋಚ. ನರಗಳ ವೈದ್ಯರಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ರೋಗ. ಔಷಧದ ಚೀಟಿಯಲ್ಲಿಯೋ ಮಾರ್ಫೀನ್ ಸಲ್ಫೇಟ್ ಆಗಬಹುದು, ಮೆಗ್ನೀಸಿಯಂ ಸಲ್ಫೇಟೂ ಆಗಬಹುದು. ಮೊದಲನೆಯದು ತೀವ್ರವಾದ ನೋವಿಗೆ ಕೊಡುವಂಥದು, ಪ್ರಮಾಣ ಮೀರಿದರೆ ಉಸಿರಾಟವನ್ನು ಕುಗ್ಗಿಸುವದು; ಎರಡನೆಯದನ್ನು ಗರ್ಭಿಣಿಯರಿಗೆ ಸೆಳವು ಬಾರದಂತೆ ಕೊಡುವರು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು ಬರೆಯಕೂಡದ ಸಂಕ್ಷೇಪಗಳ ಪಟ್ಟಿಯೊಂದನ್ನು 2004ರಲ್ಲಿ ಮಾಡಿ, ಅದರಲ್ಲಿ ಎಂ.ಎಸ್. ಅನ್ನು ಸೇರಿಸಿ, ಈ ಎರಡು ಔಷಧಗಳ ಹೆಸರನ್ನು ಪೂರ್ಣವಾಗಿ ಬರೆಯತಕ್ಕದ್ದೆಂದು ವಿಧಿಸಿತು.

ನಮ್ಮ ಶಾಲೆಯಿಂದ ಹೊರಟು ದಾದಿಯರಾದವರು ಎಷ್ಟೋ ಮಂದಿ. ರಾತ್ರಿಯ ಪಾಳಿಯಲ್ಲಿ ಇಂಥ ಚೀಟಿ ಕೈಗೆ ಬಂದಾಗ, ಹಿರಿಯ ವೈದ್ಯರು ಸಿಡುಕಿದರೂ ಸರಿಯೆ, ಯಾವ ಔಷಧವೆಂದು ಕೇಳುವ ಧೈರ್ಯವು ಹುಡುಗಿಯರಿಗೆ ಶಾಲೆಯಲ್ಲಿಯೇ ಬರಬೇಕೆಂಬುದು ನಮ್ಮ ಅಭಿಪ್ರಾಯ. ಸಂಕ್ಷೇಪವೇ ಬೇಡವೆಂದು ನಾವು ಹೇಳೆವು, ಡಿ.ಎನ್.ಎ.ಯ ಪೂರ್ಣ ಹೆಸರನ್ನು ಪ್ರತಿ ಸಾಲಿನಲ್ಲಿಯೂ ಬರೆಯಿಸುವದು ಶಿಕ್ಷೆಯೇ ಸರಿ. ಮೊದಲ ಸಲ ಪೂರ್ಣವಾಗಿ ಬರೆದು, ಬಳಿಕ ಅಕ್ಷರಗಳನ್ನು ಉಪಯೋಗಿಸಲೆಂದು ಈ ವರುಷದಿಂದ ವಿಜ್ಞಾನದ ನೋಟುಪುಸ್ತಕಗಳಿಗೆ ನಿಯಮ ಮಾಡಿರುವೆವು. ಕೈ ನೋಯುತ್ತದೆಂದು ಹತ್ತನೆಯ ತರಗತಿಯವರು ದೂರಿದ್ದಾರೆ. ಎಸ್.ಎಸ್.ಎಲ್.ಸಿ.ಯನ್ನೂ ಬಿಡಿಸಿ ಬರೆಯಬೇಕೇ ಎಂದು ಒಬ್ಬಳು ಕೇಳಿದಳು. ಅದೊಂದಕ್ಕೆ ರಿಯಾಯಿತಿ ಕೊಟ್ಟಿರುವೆವು.