ಕ್ಯಾರಲ್ ಹಾಡುವ ಮಕ್ಕಳಿಗೆ ಕಾವಲು ಯಾರು?

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಸಂಜೆಯಾಗುತ್ತಲೇ ಗಿಟಾರ್, ಡ್ರಮ್ಮುಗಳ ಸದ್ದು ಕೇಳತೊಡಗುತ್ತದೆ. ಐಸಿವೈಎಂ ಯುವಜನರು, ವೈಸಿಎಸ್ ಮಕ್ಕಳು, ವಾಳೆಯ ಗುರಿಕಾರರು, ಕೆಂಪು ಅಂಗಿ ತೊಟ್ಟ ಒಬ್ಬ ಸಾಂತಾ ಕ್ಲಾಸ್ - ಇಷ್ಟು ಜನ ಸೇರಿ ಮನೆಮನೆಗೆ ಹೊರಡುತ್ತಾರೆ. ಗೋದಲಿಯ ಮುಂದೆ ಎರಡು ಹಾಡು, ಒಂದು ಪ್ರಾರ್ಥನೆ, ಒಂದು ತಟ್ಟೆ ಕುಸ್ವಾರ್. ವರ್ಷವಿಡೀ ಚರ್ಚಿಗೆ ಬರಲಾಗದ ವೃದ್ಧರಿಗೂ ರೋಗಿಗಳಿಗೂ ಕ್ರಿಸ್ತಜಯಂತಿಯ ಸಂದೇಶ ತಲುಪುವುದು ಈ ಮಕ್ಕಳ ದನಿಯಲ್ಲೇ. ಇಷ್ಟು ಸರಳವಾದ ಸಂತೋಷದ ವಿಷಯದಲ್ಲಿ ಭದ್ರತೆಯ ಮಾತು ಆಡಬೇಕಾಗಿ ಬಂದಿದೆ ಎಂಬುದೇ ನೋವಿನ ಸಂಗತಿ. ಆದರೂ ಆಡಲೇಬೇಕಾಗಿದೆ.

2025ರ ಡಿಸೆಂಬರ್ 21ರ ರಾತ್ರಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪುದುಶ್ಶೇರಿಯಲ್ಲಿ ಕ್ಯಾರಲ್ ಹಾಡುತ್ತಾ ಹೊರಟಿದ್ದ ಶಾಲಾ ಮಕ್ಕಳ ತಂಡವೊಂದರ ಮೇಲೆ ಹಲ್ಲೆ ನಡೆಯಿತು. ಅವರ ವಾದ್ಯಗಳು ಹಾಳಾದವು. ಆರೆಸ್ಸೆಸ್-ಬಿಜೆಪಿ ಕಾರ್ಯಕರ್ತನೆಂದು ವರದಿಯಾದ ಒಬ್ಬನನ್ನು ಪೊಲೀಸರು ಬಂಧಿಸಿದರು. ಮಕ್ಕಳು ಹಿಡಿದಿದ್ದ ಡ್ರಮ್ಮಿನ ಮೇಲೆ ಸಿಪಿಎಂ ಹೆಸರು ಇದ್ದದ್ದೇ ಜಗಳಕ್ಕೆ ನೆಪವಾಯಿತೆಂದು ಸುದ್ದಿಯಾಯಿತು. ಮರುದಿನಗಳಲ್ಲಿ ನಡೆದದ್ದು ಇನ್ನೂ ಬೇಸರದ ಸಂಗತಿ. ಪೆಟ್ಟು ತಿಂದ ಮಕ್ಕಳ ನಡತೆಯನ್ನೇ ಪ್ರಶ್ನಿಸುವ ಮಾತು ರಾಜಕೀಯ ಮುಖಂಡರ ಬಾಯಿಂದ ಬಂತು. ಹೆತ್ತವರು ಮನನೊಂದು ಅದನ್ನು ಪ್ರತಿಭಟಿಸಿದರು. ಇತ್ತ ಡಿವೈಎಫ್‌ಐ ಸಂಘಟನೆ, ಪ್ರತಿಭಟನೆಯ ರೂಪದಲ್ಲಿ ಜಿಲ್ಲೆಯಾದ್ಯಂತ ಕ್ಯಾರಲ್ ತಂಡಗಳನ್ನು ಕಳುಹಿಸುವುದಾಗಿ ಸಾರಿತು.

ಇಲ್ಲಿ ಇನ್ನೊಂದು ಘಟನೆಯನ್ನೂ ನೆನಪಿಸಿಕೊಳ್ಳುವುದು ನ್ಯಾಯ. 2018ರ ಡಿಸೆಂಬರ್‌ನಲ್ಲಿ ಕೋಟ್ಟಯಂ ಸಮೀಪದ ಪಾತ್ತಾಮುಟ್ಟಂನಲ್ಲಿ ಆಂಗ್ಲಿಕನ್ ಚರ್ಚೊಂದರ ಕ್ಯಾರಲ್ ತಂಡದ ಮೇಲೆ ದಾಳಿ ನಡೆದಾಗ ಆರೋಪ ಬಂದದ್ದು ಅದೇ ಡಿವೈಎಫ್‌ಐ ಕಾರ್ಯಕರ್ತರ ಮೇಲೆ. ಹೆದರಿದ ಕುಟುಂಬಗಳು, ಮಕ್ಕಳೂ ಸೇರಿದಂತೆ, ದಿನಗಟ್ಟಲೆ ಚರ್ಚಿನೊಳಗೇ ಆಶ್ರಯ ಪಡೆದವು. ಹಾಗಾದರೆ ಹೊಡೆಯುವ ಕೈಗೆ ಒಂದೇ ಬಣ್ಣ ಎಂದು ತೀರ್ಮಾನಿಸುವ ಹಾಗಿಲ್ಲ. ಪೆಟ್ಟು ತಿನ್ನುವ ಮಗುವಿಗೆ ಬಾವುಟದ ಬಣ್ಣ ಮುಖ್ಯವೂ ಅಲ್ಲ.

2017ರ ಡಿಸೆಂಬರ್ 14ರಂದು ಮಧ್ಯಪ್ರದೇಶದ ಸತ್ನಾದಲ್ಲಿ ಕ್ಯಾರಲ್ ಹಾಡಲು ಹೋದ ಸುಮಾರು 30 ಮಂದಿ ಗುರುಮಠದ ವಿದ್ಯಾರ್ಥಿಗಳನ್ನೂ ಅವರೊಂದಿಗಿದ್ದ ಧರ್ಮಗುರುಗಳನ್ನೂ ಮತಾಂತರದ ದೂರಿನ ಮೇಲೆ ಪೊಲೀಸರು ಠಾಣೆಗೆ ಕರೆದೊಯ್ದರು. ವಿಚಾರಿಸಲು ಹೋದ ಧರ್ಮಗುರುಗಳ ಕಾರಿಗೆ ಠಾಣೆಯ ಹೊರಗಡೆ ಬೆಂಕಿ ಬಿತ್ತು. ಅವರು ವಯಸ್ಕರು. ಅದೇ ಪರಿಸ್ಥಿತಿಯಲ್ಲಿ ನಮ್ಮ ಆರನೇ ತರಗತಿಯ ಮಕ್ಕಳಿದ್ದರೆ? 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ಕಂಡ ಕರಾವಳಿಯ ಜನರಿಗೆ ಇದು ದೂರದ ಊರಿನ ಕಥೆಯಲ್ಲ.

ಇಂತಹ ಸುದ್ದಿ ಬಂದಾಗ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕೇಳಿಬರುತ್ತದೆ. ‘ಈ ಸಲ ಕ್ಯಾರಲ್ ಬೇಡ, ಚರ್ಚಿನೊಳಗೆ ಹಾಡಿದರೆ ಸಾಕು’ ಎನ್ನುವುದು ಒಂದು. ‘ನಾವು ಹೆದರುವವರಲ್ಲ ಎಂದು ತೋರಿಸಬೇಕು, ಎರಡು ಪಟ್ಟು ಮಕ್ಕಳನ್ನು ಕರೆದುಕೊಂಡು ಹೋಗೋಣ’ ಎನ್ನುವುದು ಮತ್ತೊಂದು. ನಮಗೆ ಎರಡೂ ಸರಿಯೆನಿಸುವುದಿಲ್ಲ. ಮೊದಲನೆಯದು ಹಲ್ಲೆಕೋರನಿಗೆ ಅವನು ಬಯಸಿದ್ದನ್ನೇ ಕೊಟ್ಟುಬಿಡುತ್ತದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕನ್ನು ನಮಗೂ ಕೊಟ್ಟಿದೆ. ಎರಡನೆಯದು ಇನ್ನೂ ಅಪಾಯಕಾರಿ. ಅಲ್ಲಿ ಮಕ್ಕಳು ದೊಡ್ಡವರ ಧೈರ್ಯಕ್ಕೆ ಗುರಾಣಿಯಾಗುತ್ತಾರೆ. ಸಾಕ್ಷಿ ನೀಡುವ ಕರೆ ದೊಡ್ಡವರದ್ದು. ಪೆಟ್ಟು ತಿನ್ನುವ ಪಾಳಿ ಮಕ್ಕಳದ್ದಾಗಬಾರದು.

ಹಾಗಾದರೆ ದಾರಿ ಯಾವುದು? ಕ್ಯಾರಲ್ ನಡೆಯಲಿ, ಆದರೆ ಅದರ ಹೊಣೆ ದೊಡ್ಡವರ ಹೆಗಲ ಮೇಲಿರಲಿ.

ಮೊದಲಿಗೆ ಒಂದು ಸತ್ಯವನ್ನು ಒಪ್ಪಿಕೊಳ್ಳೋಣ. ಹಲ್ಲೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ನಮ್ಮದೇ ಅಜಾಗರೂಕತೆ ಬರುವುದಿಲ್ಲ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಸಂಜೆ ಆರು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುತ್ತಾನೆ. ಆರೂವರೆಗೆ ಹೊರಟ ತಂಡ ಪೂರ್ತಿ ಕತ್ತಲಲ್ಲೇ ನಡೆಯುತ್ತದೆ. ಹಳ್ಳಿಯ ರಸ್ತೆಗಳಲ್ಲಿ ಕಾಲುದಾರಿ ಇಲ್ಲ, ದೀಪವಿಲ್ಲ. ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿಯೇ ಹೋಗಬೇಕಾದ ವಾಳೆಗಳೂ ಇವೆ. ಮನೆಗಳು ದೂರವೆಂದು ಮಕ್ಕಳನ್ನು ತೆರೆದ ಪಿಕಪ್‌ನಲ್ಲಿ ತುಂಬಿಸಿಕೊಂಡು ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸರಕು ಸಾಗಣೆಯ ವಾಹನದಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಚರ್ಚಿನ ಕಾರ್ಯಕ್ರಮ ಎಂದ ಮಾತ್ರಕ್ಕೆ ಬ್ರೇಕು ಬೇಗ ಹಿಡಿಯುವುದಿಲ್ಲ.

ಸಾಂತಾ ಕ್ಲಾಸ್ ವಿಷಯವನ್ನೂ ಬಿಚ್ಚಿ ಹೇಳಬೇಕು. ಮುಖವಾಡ, ಹತ್ತಿಯ ಗಡ್ಡ, ದೊಗಲೆ ಅಂಗಿ ತೊಟ್ಟವನು ಮನೆಯೊಳಗೆ ಬರುತ್ತಾನೆ, ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ಆತ ಯಾರೆಂದು ತಂಡದ ಮುಖ್ಯಸ್ಥರಿಗೆ ಖಚಿತವಾಗಿ ಗೊತ್ತಿರಬೇಕು. ಅಳುವ ಮಗುವನ್ನು ನಗುತ್ತಾ ಬಲವಂತವಾಗಿ ಆತನ ಕೈಗೆ ಕೊಡುವ ಅಭ್ಯಾಸ ನಿಲ್ಲಬೇಕು. ಆ ವೇಷಕ್ಕೆ ಗೋದಲಿಯ ಮೇಣದ ಬತ್ತಿ ತಗಲಿದರೆ ಬೆಂಕಿ ಹತ್ತುವುದು ಕ್ಷಣದ ಮಾತು. ಇನ್ನು ಹಬ್ಬದ ನೆಪದಲ್ಲಿ ತಂಡದ ಯುವಕರಿಗೆ ಕೆಲವು ಮನೆಗಳಲ್ಲಿ ಗ್ಲಾಸು ತುಂಬಿಸಿ ಕೊಡುವುದುಂಟು. ಮಕ್ಕಳ ಕಾವಲಿಗೆ ಹೊರಟವರು ಅದನ್ನು ನಿರಾಕರಿಸಬೇಕು, ಮನೆಯವರು ಕೊಡಲೂ ಬಾರದು.

ಪೋಕ್ಸೊ ಕಾಯ್ದೆ 2012ರಿಂದಲೇ ಜಾರಿಯಲ್ಲಿದೆ. ಅದರ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ಚರ್ಚಿನ ಮರ್ಯಾದೆ’ ಎಂಬ ನೆಪ ಅಲ್ಲಿ ನಡೆಯದು. ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿದ ‘ವೊಸ್ ಎಸ್ತಿಸ್ ಲುಕ್ಸ್ ಮುಂದಿ’ ಶಾಸನವೂ ಇಂತಹ ವಿಷಯ ತಿಳಿದ ಧರ್ಮಗುರುಗಳು ಮತ್ತು ಧಾರ್ಮಿಕರು ಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ವಿಧಿಸಿದೆ. ಆದುದರಿಂದ ಒಬ್ಬನೇ ವಯಸ್ಕ ಒಂದು ಮಗುವನ್ನು ಒಂಟಿಯಾಗಿ ಮನೆಗೆ ಬಿಡುವ ಏರ್ಪಾಡು ಬೇಡ. ಆತ ಎಷ್ಟೇ ಒಳ್ಳೆಯವನಾದರೂ ಬೇಡ. ಇದು ಯಾರನ್ನೂ ಶಂಕಿಸುವ ನಿಯಮವಲ್ಲ. ಒಳ್ಳೆಯವರನ್ನೂ ಕಾಪಾಡುವ ನಿಯಮ.

ನೆರೆಹೊರೆಯವರ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಹಿಂದೂ, ಮುಸ್ಲಿಂ ಮನೆಗಳಿಗೂ ಕುಸ್ವಾರ್ ಹೋಗುತ್ತದೆ. ಎಷ್ಟೋ ಮನೆಗಳವರು ಕ್ಯಾರಲ್ ತಂಡವನ್ನು ಪ್ರೀತಿಯಿಂದ ಕರೆಯುತ್ತಾರೆ. ಕರೆದ ಮನೆಗೆ ಖಂಡಿತ ಹೋಗೋಣ. ಕರೆಯದ ಮನೆಯ ಗೇಟು ತೆರೆಯುವುದು ಬೇಡ. ಇದು ಹೆದರಿಕೆಯಲ್ಲ, ಸೌಜನ್ಯ. ಕ್ಯಾರಲ್ ತಂಡದಲ್ಲಿ ಹಾಡು ಮಾತ್ರ ಇರಲಿ. ಯಾವುದೇ ಪಕ್ಷದ, ಸಂಘಟನೆಯ ಹೆಸರುಳ್ಳ ವಾದ್ಯ, ಬ್ಯಾನರ್, ಟೀ ಶರ್ಟ್ ಬೇಡ. ಪುದುಶ್ಶೇರಿಯ ಡ್ರಮ್ಮು ಹೊಡೆದವನ ತಪ್ಪನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ದೊಡ್ಡವರ ಜಗಳದ ಗುರುತು ಮಕ್ಕಳ ಕೊರಳಿಗೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಈ ಹಿನ್ನೆಲೆಯಲ್ಲಿ ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿಯು ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಂಚೆಯೇ ಕೆಲವು ವಿಷಯಗಳನ್ನು ನಿರ್ಧರಿಸಲಿ ಎಂಬುದು ನಮ್ಮ ವಿನಂತಿ:

- ಯಾವ ದಿನ, ಯಾವ ವಾಳೆ, ಯಾವ ಮನೆಗಳು ಎಂಬ ಪಟ್ಟಿ ತಯಾರಿಸಿ ಸ್ಥಳೀಯ ಠಾಣೆಗೆ ಮುಂಚಿತವಾಗಿ ತಿಳಿಸುವುದು.
- ಹೆತ್ತವರ ಲಿಖಿತ ಒಪ್ಪಿಗೆ ಮತ್ತು ಫೋನ್ ನಂಬರ್ ಪಡೆಯುವುದು. ಹೊರಡುವಾಗಲೂ ಮರಳುವಾಗಲೂ ಮಕ್ಕಳ ಎಣಿಕೆ ಮಾಡುವುದು.
- ತಂಡದಲ್ಲಿ ಕಡಿಮೆಯೆಂದರೆ ಇಬ್ಬರು ಜವಾಬ್ದಾರಿಯುತ ವಯಸ್ಕರು. ಹುಡುಗಿಯರಿದ್ದರೆ ಒಬ್ಬ ಮಹಿಳೆ ಕಡ್ಡಾಯ.
- ತಂಡದ ಮುಂದೆ ಒಂದು, ಹಿಂದೆ ಒಂದು ಟಾರ್ಚು. ಮಕ್ಕಳಿಗೆ ತಿಳಿ ಬಣ್ಣದ ಬಟ್ಟೆ.
- ಕಾಣಿಕೆ ಡಬ್ಬಿ ಮಕ್ಕಳ ಕೈಯಲ್ಲಿರಬಾರದು.
- ಚಿಕ್ಕ ಮಕ್ಕಳು ರಾತ್ರಿ ಎಂಟೂವರೆಯೊಳಗೆ ಮನೆಗೆ. ಹತ್ತರ ನಂತರ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧವಿದೆ; ಅದನ್ನು ನಾವೂ ಪಾಲಿಸೋಣ.

ಯಾರಾದರೂ ಅಡ್ಡಗಟ್ಟಿದರೆ ವಾದಕ್ಕೆ ಇಳಿಯುವುದು ಬೇಡ. ಹಾಡು ನಿಲ್ಲಿಸಿ, ಮಕ್ಕಳನ್ನು ಹತ್ತಿರದ ಪರಿಚಿತ ಮನೆಯೊಳಗೆ ಸೇರಿಸಿ, 112ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098. ಗಂಭೀರ ಅಪರಾಧವಾಗಿದ್ದರೆ ಯಾವ ಠಾಣೆಯ ವ್ಯಾಪ್ತಿಯೆಂಬ ನೆಪದಲ್ಲಿ ದೂರು ನಿರಾಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದನ್ನು ಸ್ಪಷ್ಟಪಡಿಸಿದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಅಳುವ ಮಗುವಿನ ವಿಡಿಯೋ ವಾಟ್ಸಾಪ್‌ಗೆ ಹಾಕಬೇಡಿ. ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ವಿಡಿಯೋ ಪೊಲೀಸರ ಕೈಗೆ ಹೋಗಲಿ. ಊರಿನವರ ಕೋಪಕ್ಕೆ ಉರುವಲಾಗುವುದು ಬೇಡ. ಮಗುವಿನ ಪಕ್ಕದಲ್ಲಿ ಕುಳಿತು ಅದರ ಮಾತು ಕೇಳಲು ಒಬ್ಬರು ಬೇಕು. ಆ ಕೆಲಸ ಧರ್ಮಗುರುವಿನದ್ದು, ಕ್ರೈಸ್ತ ಶಿಕ್ಷಣದ ಶಿಕ್ಷಕಿಯದ್ದು, ಹೆತ್ತವರದ್ದು.

ಕ್ರಿಸ್ಮಸ್ ಕಳೆದು ಮೂರನೇ ದಿನ, ಡಿಸೆಂಬರ್ 28ರಂದು, ಧರ್ಮಸಭೆ ಹೆರೋದನ ಕತ್ತಿಗೆ ಬಲಿಯಾದ ಮುಗ್ಧ ಮಕ್ಕಳನ್ನು ಸ್ಮರಿಸುತ್ತದೆ. ಬೆತ್ಲೆಹೇಮಿನ ಕಥೆಯಲ್ಲಿ ಗೋದಲಿ ಇದ್ದಂತೆಯೇ ಆ ರಾತ್ರಿಯ ಪ್ರಯಾಣವೂ ಇದೆ. ಅಪಾಯದ ಸುಳಿವು ಸಿಕ್ಕಿದೊಡನೆ ಸಂತ ಜೋಸೆಫರು ರಾತ್ರೋರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಅವರನ್ನು ಯಾರೂ ಹೇಡಿ ಎನ್ನಲಿಲ್ಲ. ಮಗುವಿನ ಕಾವಲು ಅವರ ವಿಶ್ವಾಸದ ಒಂದು ಭಾಗವಾಗಿತ್ತು. ಈ ಸಲ ನಮ್ಮ ಮನೆಯ ಅಂಗಳಕ್ಕೆ ಕ್ಯಾರಲ್ ತಂಡ ಬಂದಾಗ ಹಾಡು ಕೇಳಿ ಚಪ್ಪಾಳೆ ತಟ್ಟಿ ಬಾಗಿಲು ಹಾಕಿಕೊಳ್ಳುವುದು ಬೇಡ. ಟಾರ್ಚು ಹಿಡಿದು, ಮುಂದಿನ ಮನೆಯ ತನಕ ಆ ಮಕ್ಕಳೊಂದಿಗೆ ನಾಲ್ಕು ಹೆಜ್ಜೆ ನಡೆಯೋಣ.