ಪೆಟ್ಟಿಗೆಯ ಬೀಗದ ಕೈ

"ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಮೇಷ್ಟ್ರೇ." ಮಗುವನ್ನು ಶಾಲೆಗೆ ಸೇರಿಸುವ ದಿನ ತಂದೆಯ ಬಾಯಲ್ಲಿ ಈ ಮಾತು ಇಂದಿಗೂ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಹೆತ್ತವರೇ ಕೈಯಾರೆ ಕೊಟ್ಟ ಪರವಾನಗಿಯ ಮುಂದೆ ಆ ಸೆಕ್ಷನ್ ಮಂಕಾಗುತ್ತದೆ.

ಶಿಕ್ಷೆ, ಶಿಕ್ಷಣ ಎರಡೂ ಒಂದೇ ಬಳ್ಳಿಯ ಕಾಯಿಗಳು. ಸಂಸ್ಕೃತದ 'ಶಕ್' ಧಾತುವಿನ ಇಚ್ಛಾರ್ಥಕ ರೂಪ 'ಶಿಕ್ಷ್'; ಬಲ್ಲವನಾಗಬೇಕೆಂಬ ಬಯಕೆ ಅದರ ತಿರುಳು. ವೇದಾಂಗಗಳಲ್ಲಿ ಶಿಕ್ಷಾ ಎಂದರೆ ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ತೊಡಗುವುದೂ ವರ್ಣ, ಸ್ವರ, ಮಾತ್ರೆಗಳಿಂದ. ಹಿಂದಿ, ಬಂಗಾಳಿಗಳಲ್ಲಿ ಆ ಪದ ಇನ್ನೂ ಕಲಿಕೆಯೇ. ಕನ್ನಡ, ತೆಲುಗು, ಮಲಯಾಳ, ಮರಾಠಿಗಳಲ್ಲಿ ಅದು ದಂಡನೆಯಾಯಿತು. ಹಿಂದಿನ ಊರಶಾಲೆಯಾದ ಕೂಲಿಮಠದ 'ಕೋದಂಡ'ವನ್ನು ನೆನೆದರೆ ಈ ಅರ್ಥಾಂತರ ಸಹಜವೆನಿಸೀತು: ತೊಲೆಗೆ ಬಿಗಿದ ಹಗ್ಗ ಹಿಡಿದು ಹುಡುಗ ನೇತಾಡಬೇಕು, ಕೈ ಸೋತರೆ ಕೆಳಗೆ ಮುಳ್ಳು. ಆದರೆ ಶಿಕ್ಷಾ ಎಂದರೆ ವಿದ್ಯೆಯೇ ಆಗಿರುವ ಹಿಂದಿ ಸೀಮೆಯ ಶಾಲೆಗಳಲ್ಲೂ ಬೆತ್ತ ಸುಮ್ಮನೆ ಕೂತಿಲ್ಲ. ಹಾಗಾಗಿ ದೋಷ ಪದದ್ದಲ್ಲ. ಹುಡುಕಬೇಕಾದದ್ದು ಬೇರೆ: ಪೆಟ್ಟು ತಿಂದ ಮಗು ಅದನ್ನು ಯಾರಿಗೆ ಹೇಳಬೇಕು?

ಮನೆಯಲ್ಲಿ ಹೇಳಿದರೆ "ನೀನೇನು ಮಾಡಿದೆ?" ಎಂಬ ಮರುಪ್ರಶ್ನೆ, ಕೆಲವೊಮ್ಮೆ ಇನ್ನೊಂದು ಏಟು. ಶಾಲೆಯಲ್ಲಿ ದೂರು ಪೆಟ್ಟಿಗೆ ಇರುವುದುಂಟು. ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲಿಗೇ ಹೊಡೆದು, ಬೀಗದ ಕೈಯನ್ನು ಅವರ ಮೇಜಿನ ಖಾನೆಯಲ್ಲೇ ಇಡುವುದು ಅಕ್ಷಮ್ಯ. ಅಕ್ಷರ ನೋಡಿ ಹುಡುಗನನ್ನು ಗುರುತಿಸಬಲ್ಲವರ ಕೈಗೇ ಚೀಟಿ ಸೇರುತ್ತದೆ.

ಕೀಲಿ ಊರಿನ ಕೈಯಲ್ಲಿರಬೇಕು. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು. ಕರ್ನಾಟಕದಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿ ಬಿಸಿಯೂಟ, ಕಟ್ಟಡದ ಲೆಕ್ಕಕ್ಕೆ ಕೊಡುವ ಹೊತ್ತಿನಲ್ಲಿ ಒಂದಿಷ್ಟನ್ನು ಪೆಟ್ಟಿಗೆ ತೆರೆಯಲು ಕೊಡಬಹುದು. ದೂರನ್ನು 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಇದೆ.

ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯೂ ಇದೆ. ಶೌಚಾಲಯದ ಚಿಲಕ, ಶಾಲೆಯ ದಾರಿಯ ಮದ್ಯದಂಗಡಿ, ಬಾರದ ಬಸ್ಸು: ಮೈಕಿನ ಮುಂದೆ ಮಕ್ಕಳು ಇವನ್ನೆಲ್ಲ ಅಂಜದೆ ಕೇಳುತ್ತಾರೆ. ಏಟಿನ ಸುದ್ದಿ ಎತ್ತುವುದು ಕಷ್ಟ, ಏಕೆಂದರೆ ಅವರನ್ನು ಸಾಲಾಗಿ ಕರೆತಂದ ಮೇಷ್ಟ್ರು ಪಕ್ಕದಲ್ಲೇ ನಿಂತಿರುತ್ತಾರೆ. ಆ ಒಂದು ಗಂಟೆ ಶಿಕ್ಷಕರು ಹೊರಗಿದ್ದು, ಅಂಗನವಾಡಿ ಕಾರ್ಯಕರ್ತೆಯೋ ಗ್ರಂಥಪಾಲಕರೋ ಮಕ್ಕಳ ಜೊತೆ ನೆಲದ ಮೇಲೆ ಕೂತರೆ, ಕೊನೆಯ ಸಾಲಿನ ಹುಡುಗಿಯೂ ಬಾಯಿ ಬಿಟ್ಟಾಳು.